ದಾಳ ಕಂಡರೆ ಜೂಜು ಅಂತಾರೆ, ಮನೆಯಲ್ಲಿ ಹೇಗೆ ವಿವರಿಸಲಿ?

ಅಂಬಲಪಾಡಿ_ಓದುಗ (ಪ್ರಶ್ನೆ)

ನಾನು ಉಡುಪಿಯವನು. ಭಾನುವಾರ ಸಂಜೆ ಗೆಳೆಯರ ಜೊತೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇನೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿದು ಈಗ ಏನು ಮಾಡುತ್ತೇವೆ ಅಂತ ಹೇಳುತ್ತೇವೆ. ಗೋಡೆ ಹತ್ತಬೇಕು ಅಂದರೆ 20 ಮುಖದ ದಾಳ ಹಾಕಬೇಕು, ಪಾತ್ರದ ಬಲಕ್ಕೆ ತಕ್ಕ ಅಂಕ ಕೂಡಿಸಬೇಕು, ಒಟ್ಟು, ಉದಾಹರಣೆಗೆ, 15 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹತ್ತಿದ ಹಾಗೆ. ಇಷ್ಟೇ. ಆದರೆ ಮಾವ ದಾಳ ನೋಡಿದ್ದೇ ಜೂಜು ಅಂದರು. ಅಮ್ಮನಿಗೆ ಬೇರೆಯೇ ಚಿಂತೆ, ಮದುವೆ ವಯಸ್ಸಿನವನು ಹೀಗೆ ಮಕ್ಕಳ ಹಾಗೆ ಕೂರುವುದು ಯಾಕೆ ಅಂತ. ಕ್ರಿಕೆಟ್‌ಗೆ ಹೋದರೆ ಯಾರೂ ಏನೂ ಕೇಳುವುದಿಲ್ಲ. ಮುಚ್ಚಿಟ್ಟು ಆಡಲು ನನಗೆ ಇಷ್ಟವಿಲ್ಲ. ಹೇಗೆ ಹೇಳಲಿ?

ಸುರತ್ಕಲ್_ಸಂಜೆ

ಜೂಜಿಗೆ ಪಣ ಬೇಕು. ಇಲ್ಲಿ ದುಡ್ಡಿಲ್ಲ, ಒಬ್ಬ ಗೆದ್ದು ಇನ್ನೊಬ್ಬ ಸೋಲುವುದೂ ಇಲ್ಲ, ಎಲ್ಲರೂ ಒಂದೇ ಕಡೆ. ಮೊದಲು ಇದನ್ನೇ ಹೇಳಿ.

ಈ ಭಯ ನಮ್ಮೂರಿನದ್ದು ಮಾತ್ರ ಅಲ್ಲ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಸೇರಿ ಈ ಆಟ ತಂದದ್ದು 1974ರಲ್ಲಿ. 1979ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಒಬ್ಬ ವಿದ್ಯಾರ್ಥಿ ಕಾಣೆಯಾದಾಗ ಪತ್ರಿಕೆಗಳು ಈ ಆಟದ ಕಡೆ ಬೆರಳು ತೋರಿಸಿದವು. ಹುಡುಗ ಸಿಕ್ಕಿದ, ಅವನು ಹೋದದ್ದಕ್ಕೆ ಕಾರಣ ಆಟ ಅಲ್ಲ ಅಂತ ತಿಳಿಯಿತು. ಆದರೂ 80ರ ದಶಕವಿಡೀ ಅಲ್ಲಿನ ಎಷ್ಟೋ ತಂದೆತಾಯಂದಿರು ಇದನ್ನು ಸೈತಾನನ ಪೂಜೆ ಅಂತಲೇ ನಂಬಿದ್ದರು. ಹಾಗಾಗಿ ನಿಮ್ಮ ಮಾವನ ಮೇಲೆ ಕೋಪ ಬೇಡ. ಹೊಸದನ್ನು ದೂರದಿಂದ ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ.

ಮಳೆಗಾಲದ_ಕೂಟ

ನಿಮ್ಮ ಮಾವ ತಾಳಮದ್ದಳೆ ಕೇಳುವವರಾ? ಹಾಗಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ವೇಷ ಇಲ್ಲ, ಕುಣಿತ ಇಲ್ಲ, ದೊಡ್ಡವರೇ ಎದುರುಬದುರು ಕೂತು ಒಬ್ಬ ಕೃಷ್ಣ, ಒಬ್ಬ ಕೌರವ ಆಗಿ ಗಂಟೆಗಟ್ಟಲೆ ಮಾತಾಡುತ್ತಾರೆ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿ ಏನು ಹೇಳುತ್ತಾನೆ ಅಂತ ಎದುರಿನವನಿಗೂ ಮೊದಲೇ ಗೊತ್ತಿರುವುದಿಲ್ಲ, ಅಲ್ಲೇ ಹುಟ್ಟಬೇಕು, ಅಲ್ಲೇ ಉತ್ತರ ಬರಬೇಕು. ಇದನ್ನು ನಮ್ಮಲ್ಲಿ ಯಾರೂ ಮಕ್ಕಳಾಟ ಅನ್ನುವುದಿಲ್ಲ, ಅಲ್ವಾ? ಪಾತ್ರದ ಬಾಯಲ್ಲಿ ಮಾತಾಡುವ ಸುಖ ಈ ಕರಾವಳಿಗೆ ಹೊಸದೇನಲ್ಲ.

ಆದರೆ ಎರಡೂ ಒಂದೇ ಅಂತ ಮಾತ್ರ ಹೇಳಬೇಡಿ, ಕೇಳಿ ಪಳಗಿದವರು ಒಪ್ಪುವುದಿಲ್ಲ. ಅರ್ಥಧಾರಿಗೆ ಪುರಾಣ ಗೊತ್ತಿರಬೇಕು, ವರ್ಷಗಟ್ಟಲೆ ಓದು ಬೇಕು. ಮತ್ತೆ ಅಲ್ಲಿ ಕೊನೆ ಬದಲಾಗುವುದಿಲ್ಲ. ಕೃಷ್ಣ ಎಷ್ಟೇ ಚೆನ್ನಾಗಿ ವಾದಿಸಲಿ, ಸಂಧಾನ ಮುರಿಯಲೇಬೇಕು. ನಿಮ್ಮ ಆಟದಲ್ಲಿ ಸಂಧಾನ ಆಗಿಬಿಡಬಹುದು, ಆಗ ಕಥೆ ನಡೆಸುವವನು ಅಲ್ಲೇ ಹೊಸ ದಾರಿ ಹುಡುಕಬೇಕು. ನನಗೆ ಈ ಆಟ ಹಿಡಿಸಿದ್ದೇ ಅದಕ್ಕೆ.

ಕದ್ರಿ_ಕಂಬಳ

ಮೇಲಿನವರ ಮಾತು ಸರಿ. ಒಂದು ಸೇರಿಸುತ್ತೇನೆ, ಇದು ನನಗೆ ತುಂಬಾ ಮುಖ್ಯ. ಊರಿನ ಕಥೆ ಆಡೋಣ ಅಂತ ಹೊರಟಾಗ ದೈವಗಳನ್ನು ಪಾತ್ರ ಮಾಡಬೇಡಿ, ಸೋಲಿಸಬೇಕಾದ ರಾಕ್ಷಸ ಅಂತೂ ಬೇಡವೇ ಬೇಡ. ನಮ್ಮ ಟೇಬಲ್‌ನಲ್ಲಿ ಒಬ್ಬರ ಮನೆಯಲ್ಲಿ ವರ್ಷ ವರ್ಷ ಕೋಲ ನಡೆಯುತ್ತದೆ, ಅವರ ಮುಂದೆ ದೈವದ ಮಾತಿಗೆ ದಾಳ ಹಾಕುವುದು ಹೇಗೆ? ಬಂದರು, ದೋಣಿ, ಹಳೆಯ ಬಸದಿ, ಘಟ್ಟದ ಕಾಡು, ಕಥೆಗೆ ಇಷ್ಟು ಸಾಲದಾ? ಮೊದಲ ದಿನ ಆಟ ಶುರು ಮಾಡದೆ ಸುಮ್ನೆ ಕೂತು ಏನು ಬೇಕು, ಏನು ಬೇಡ ಅಂತ ಮಾತಾಡಿಕೊಳ್ಳಿ. ಸೆಷನ್ ಝೀರೋ ಅನ್ನುವುದು ಅದಕ್ಕೇ.

ಹಾಗೇ ಇಂಗ್ಲಿಷ್‌ನಲ್ಲೇ ಆಡಬೇಕು ಅಂತ ಎಲ್ಲಿದೆ? ಇಂಗ್ಲಿಷ್ ಆದಾಗ ನಮ್ಮಲ್ಲಿ ಇಬ್ಬರು ಬಾಯೇ ಬಿಡುತ್ತಿರಲಿಲ್ಲ, ಕನ್ನಡ, ತುಳು ಬೆರೆಸಿದ ಮೇಲೆ ಅವರದ್ದೇ ಮಾತು ಜಾಸ್ತಿ. ಖರ್ಚೂ ಇಲ್ಲ, ಮೂಲ ನಿಯಮಗಳು 2023ರಿಂದ ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಪುಕ್ಕಟೆ ಸಿಗುತ್ತವೆ. ಮತ್ತೆ ಹೆಣ್ಮಕ್ಕಳೂ ಬರಬೇಕು ಅಂತಿದ್ದರೆ ಬಸ್ ಇರುವಾಗಲೇ ಮುಗಿಸಿ. ನಾನು ಬಿಟ್ಟ ಒಂದು ಗುಂಪು ರಾತ್ರಿ ಶುರು ಮಾಡುತ್ತಿತ್ತು, ಅದಕ್ಕೇ ಬಿಟ್ಟೆ.

ಅಂಬಲಪಾಡಿ_ಓದುಗ

ಮಾವ ತಾಳಮದ್ದಳೆ ಎಲ್ಲಿದ್ದರೂ ಹೋಗುವವರು! ಮುಂದಿನ ಭಾನುವಾರ ಆಟ ನಮ್ಮ ಮನೆ ಚಾವಡಿಯಲ್ಲೇ ಇಡುತ್ತೇನೆ, ಅಮ್ಮನೂ ನೋಡಲಿ, ಆಟ ಕನ್ನಡದಲ್ಲೇ. ಸಂಧಾನಕ್ಕೆ ಹೋಗುವ ದೂತನ ಕಥೆ ಇಟ್ಟರೆ ಮಾವನೂ ಬಾಯಿ ಹಾಕಬಹುದು ಅನಿಸುತ್ತದೆ. ಅಂಥ ಚಿಕ್ಕ ಕಥೆ ಯಾರ ಹತ್ತಿರವಾದರೂ ಇದ್ದರೆ ಇಲ್ಲೇ ಹಾಕಿ.