ಟ್ಯಾಲಿಯಲ್ಲಿ ‘ಡಿಫರೆನ್ಸ್ ಇನ್ ಓಪನಿಂಗ್ ಬ್ಯಾಲೆನ್ಸಸ್’ 37,000 ಬರ್ತಿದೆ, ಎಲ್ಲಿ ಹುಡುಕಲಿ?

ಪ್ರಶ್ನೆ (ಶ್ರೀನಿವಾಸಪುರ):
ಎಲ್ಲರಿಗೂ ನಮಸ್ಕಾರ. ನಮ್ಮದು ಡ್ರಿಪ್ ಪೈಪ್ ಅಂಗಡಿ. ಇಷ್ಟು ವರ್ಷ ಅಪ್ಪ ಪುಸ್ತಕದಲ್ಲೇ ಲೆಕ್ಕ ಬರೆಯುತ್ತಿದ್ದರು. ಈ ಏಪ್ರಿಲ್ 1ರಿಂದ ನಾನು ಟ್ಯಾಲಿ ಪ್ರೈಮ್ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ಗೆ ಹಾಕುತ್ತಿದ್ದೇನೆ. ಬ್ಯಾಲೆನ್ಸ್ ಶೀಟ್ ತೆಗೆದರೆ ಲಯಬಿಲಿಟೀಸ್ (ಸಾಲ, ಬಂಡವಾಳ) ಕಡೆ ಈ ಸಾಲು, ಅಂದರೆ ಶುರುವಿನ ಬಾಕಿಗಳಲ್ಲಿ ವ್ಯತ್ಯಾಸ ಅಂತ, ಬರುತ್ತೆ. ಎರಡು ದಿನದಿಂದ ಒಂದೊಂದೇ ಸೇಲ್ಸ್ ಬಿಲ್ ತೆಗೆದು ನೋಡಿದೆ, ತಪ್ಪು ಸಿಗಲಿಲ್ಲ. ಒಬ್ಬರು ಸಸ್ಪೆನ್ಸ್ ಲೆಡ್ಜರ್‌ಗೆ (ಲೆಕ್ಕ ಗೊತ್ತಾಗದ ಮೊತ್ತ ಇಡುವ ಖಾತೆ) ತಳ್ಳಿಬಿಡಿ ಅಂದರು, ಇನ್ನೊಬ್ಬರು ಡೇಟಾ ರಿಪೇರಿ ಮಾಡಿ ಅಂದರು. ಏನು ಮಾಡಲಿ?

ಉತ್ತರ (ತುಮಕೂರು):
ಎರಡೂ ಬೇಡ ಮೇಡಂ. ರಿಪೇರಿ ಇರುವುದು ಡೇಟಾ ಫೈಲ್ ಕೆಟ್ಟಾಗ, ಅದೂ ಬ್ಯಾಕಪ್ ತೆಗೆದ ಮೇಲೆ. ಸಸ್ಪೆನ್ಸ್‌ಗೆ ಹಾಕಿದರೆ ಸಾಲು ಮಾಯವಾಗುತ್ತೆ, ತಪ್ಪು ಹಾಗೇ ಉಳಿಯುತ್ತೆ. ಮುಂದೆ ಯಾರದೋ ಬಾಕಿ ತಪ್ಪಿ ಜಗಳ ಆಗೋದು ಅಲ್ಲೇ.

ಬಿಲ್‌ಗಳನ್ನು ಸುಮ್ನೆ ಹುಡುಕಬೇಡಿ. ವೋಚರ್‌ನಲ್ಲಿ (ಬಿಲ್, ರಸೀದಿಯಂಥ ಒಂದೊಂದು ನಮೂದು) ಡೆಬಿಟ್, ಕ್ರೆಡಿಟ್ ಸಮ ಆಗದಿದ್ದರೆ ಟ್ಯಾಲಿ ಸೇವ್ ಮಾಡಲು ಬಿಡುವುದೇ ಇಲ್ಲ ಅಲ್ವಾ? ಹಾಗಾಗಿ ತಪ್ಪು ಇರುವುದು ನೀವು ಹಾಕಿದ ಓಪನಿಂಗ್ ಬ್ಯಾಲೆನ್ಸ್‌ಗಳಲ್ಲೇ.

ಎರಡೂ ಕಡೆ ಸಮ ಮಾಡಲು ಟ್ಯಾಲಿ ಕಡಿಮೆ ಇರುವ ಕಡೆ ಈ ಸಾಲು ಹಾಕುತ್ತೆ. ಲಯಬಿಲಿಟೀಸ್ ಅಂದರೆ ಕ್ರೆಡಿಟ್ ಕಡೆ ತೋರಿಸುತ್ತಿದೆ, ಹಾಗಾಗಿ ಡೆಬಿಟ್ ಜಾಸ್ತಿ ಆಗಿದೆ. ಸ್ಟಾಕ್ ಐಟಂಗೆ ಬೆಲೆ ಹಾಕಲು ಮರೆತಿದ್ದರೆ ಡೆಬಿಟ್ ಕಡಿಮೆಯಾಗಿ, ಅಸೆಟ್ಸ್ (ಆಸ್ತಿ) ಕಡೆ ಬರುತ್ತಿತ್ತು. ಈಗ 37,000ವನ್ನು ಅರ್ಧ ಮಾಡಿ, 18,500. ಕ್ರೆಡಿಟ್ ಆಗಬೇಕಾದ ಮೊತ್ತ ಡೆಬಿಟ್‌ಗೆ ಬಿದ್ದರೆ ವ್ಯತ್ಯಾಸ ಸರಿಯಾಗಿ ಎರಡರಷ್ಟು ಬರುತ್ತೆ. ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿ ಪಟ್ಟಿ) ತೆಗೆದು, ಎಫ್12 ಒತ್ತಿ, ಓಪನಿಂಗ್ ಬ್ಯಾಲೆನ್ಸ್ ಕಾಣುವ ಹಾಗೆ ಮಾಡಿ. ಅಪ್ಪನ ಪುಸ್ತಕದ ಮಾರ್ಚ್ 31ರ ಬಾಕಿ ಪಕ್ಕದಲ್ಲಿಟ್ಟುಕೊಂಡು 18,500 ಎಲ್ಲಿದೆ ನೋಡಿ.

ಸಿಗದಿದ್ದರೆ ವ್ಯತ್ಯಾಸ 9ರಿಂದ ಭಾಗವಾಗುತ್ತಾ ನೋಡುವುದು ಹಳೇ ಗುಮಾಸ್ತರ ಉಪಾಯ. 17,400 ಬದಲು 14,700 ಬರೆದರೆ ವ್ಯತ್ಯಾಸ 2,700, ಅದು 9ರಿಂದ ಭಾಗವಾಗುತ್ತೆ. ಅಂಕಿ ಅದಲುಬದಲಾದಾಗ ಹೀಗೇ. ನಿಮ್ಮ 37,000 ಭಾಗವಾಗಲ್ಲ, ಅದಕ್ಕೇ ಅರ್ಧದ ಕಡೆ ಮೊದಲು ನೋಡಿ ಅಂದೆ.

ಪ್ರಶ್ನೆ (ಶ್ರೀನಿವಾಸಪುರ):
ಸಿಕ್ತು ಸರ್! ಟೊಮೆಟೊ ಬೆಳೆಯುವ ರೈತರೊಬ್ಬರು ಫೆಬ್ರವರಿಯಲ್ಲೇ ಪೈಪ್‌ಗೆ 18,500 ಅಡ್ವಾನ್ಸ್ ಕೊಟ್ಟಿದ್ದರು. ಅಪ್ಪ ಪುಸ್ತಕದಲ್ಲಿ ‘ಜಮಾ’ ಅಂತ ಚೆನ್ನಾಗೇ ಬರೆದಿದ್ದಾರೆ. ನಾನು ಅವರನ್ನು ಸಂಡ್ರಿ ಡೆಟರ್ಸ್ (ನಮಗೆ ದುಡ್ಡು ಕೊಡಬೇಕಾದವರು) ಗುಂಪಿಗೆ ಹಾಕಿ ಮೊತ್ತ ಬರೆದೆ, ಡಿಆರ್ (ಡೆಬಿಟ್) ಅಂತಿದ್ದದ್ದನ್ನು ಗಮನಿಸಲಿಲ್ಲ. ಸಿಆರ್ (ಕ್ರೆಡಿಟ್) ಮಾಡಿದ ಕೂಡಲೇ ಆ ಸಾಲು ಹೋಯಿತು. ಸಸ್ಪೆನ್ಸ್‌ಗೆ ಹಾಕಿದ್ದರೆ, ದುಡ್ಡು ಕೊಟ್ಟವರ ಹತ್ತಿರವೇ ಬಾಕಿ ಕೇಳುತ್ತಿದ್ದೆ.

ಇನ್ನೊಂದು ಸರ್. ಜಿಎಸ್‌ಟಿಆರ್-1ರಲ್ಲಿ (ಮಾರಾಟದ ಜಿಎಸ್‌ಟಿ ರಿಟರ್ನ್) ಒಂದು ಬಿಲ್ ‘ಅನ್‌ಸರ್ಟನ್ ಟ್ರಾನ್ಸಾಕ್ಷನ್ಸ್’, ಅಂದರೆ ಏನೋ ಸರಿಯಿಲ್ಲ, ಅಂತ ನಿಂತಿದೆ. ಪುಂಗನೂರಿನ ಡೀಲರ್‌ಗೆ ನಾವು ಕೊಟ್ಟ ಬಿಲ್.

ಉತ್ತರ (ತುಮಕೂರು):
ಪುಂಗನೂರು ಆಂಧ್ರ. ಅವರ ಜಿಎಸ್‌ಟಿ ನಂಬರ್ 37ರಿಂದ ಶುರುವಾಗುತ್ತಾ, ಲೆಡ್ಜರ್‌ನಲ್ಲಿ ರಾಜ್ಯ ಕರ್ನಾಟಕ ಅಂತಲೇ ಇದೆಯಾ ನೋಡಿ. ಕರ್ನಾಟಕದ್ದು 29. ರಾಜ್ಯ ಸರಿ ಮಾಡಿದ ಮೇಲೆ ಆ ಬಿಲ್ ತೆರೆದು, ರಾಜ್ಯದೊಳಗಿನ ಮಾರಾಟದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬದಲು ಬೇರೆ ರಾಜ್ಯದ ಮಾರಾಟದ ಐಜಿಎಸ್‌ಟಿ ಹಾಕಿ ಮತ್ತೆ ಸೇವ್ ಮಾಡಿ. ತಿಂಗಳ ರಿಟರ್ನ್ ಆದರೆ ಮುಂದಿನ ತಿಂಗಳ 11ನೇ ತಾರೀಖಿನ ಒಳಗೆ ಮುಗಿಸಿ.