ಅಪ್‌ಡೇಟ್: ಪ್ರಾಕ್ಟೀಸ್ ಸ್ಕ್ರೀನ್ ತಗೊಂಡೆ
ಮಗಳ ಸಾಫ್ಟ್‌ಬಾಲ್ ಪ್ರಾಕ್ಟೀಸ್‌ಗೆ ಮಡಚಿ ಒಯ್ಯುವ ಸ್ಕ್ರೀನ್ (ಚೆಂಡು ಎಸೆಯುವವರಿಗೆ ಏಟು ಬೀಳದಂತೆ ಮುಂದೆ ನಿಲ್ಲಿಸುವ, ನೆಟ್ ಕಟ್ಟಿದ ಚೌಕಟ್ಟು) ಯಾವುದು ಒಳ್ಳೇದು ಅಂತ ಇಲ್ಲಿ ಕೇಳಿದ್ದೆ. ನೀವು ಹೇಳಿದ ಹಾಗೆ 7 ಅಡಿ ಎತ್ತರ, 7 ಅಡಿ ಅಗಲದ್ದನ್ನೇ ತಗೊಂಡೆ. ಮೊದಲ ದಿನ ನೆಟ್‌ಗೆ ತೀರಾ ಹತ್ತಿರ ನಿಂತಿದ್ದೆ, ಅವಳು ನೇರವಾಗಿ ಹೊಡೆದ ಚೆಂಡು ನೆಟ್ಟನ್ನು ಉಬ್ಬಿಸಿಕೊಂಡು ಬಂದು ನನ್ನ ಮೊಣಕೈಗೆ ಬಡಿಯಿತು. ಈಗ ಎರಡು ಹೆಜ್ಜೆ ಹಿಂದೆ ನಿಲ್ಲುತ್ತೇನೆ.

ಇನ್ನೊಂದು ಮುಖ್ಯ ವಿಷಯ. ಎಲ್ ಆಕಾರದ ಸ್ಕ್ರೀನ್‌ನಲ್ಲಿ ಚೆಂಡು ಎಸೆಯೋಕೆ ಬಿಟ್ಟ ತೆರೆದ ಜಾಗ ಮೇಲಿರುತ್ತೆ, ಅದು ಬೇಸ್‌ಬಾಲ್‌ನಲ್ಲಿ ಕೈ ಎತ್ತಿ ಎಸೆಯುವವರಿಗೆ ಸರಿ. ಸಾಫ್ಟ್‌ಬಾಲ್‌ನಲ್ಲಿ ಕೈ ಕೆಳಗಿಂದ ಬರುತ್ತೆ ಅಲ್ವಾ, ಹಾಗಾಗಿ ಕಿಂಡಿ ಸೊಂಟದ ಎತ್ತರದಲ್ಲಿ ಇರುವುದನ್ನೇ ಆರಿಸಿ. ಚೆಂಡು ಬಿಟ್ಟ ಕೂಡಲೇ ನೆಟ್‌ನ ಮರೆಗೆ ಸರಿಯಿರಿ. ಹಗುರ ಸ್ಕ್ರೀನ್ ಗಾಳಿಗೆ ಬೀಳುತ್ತೆ, ಕಾಲುಗಳ ಮೇಲೆ ಮರಳಿನ ಚೀಲ ಇಡಿ. ತುಂಬಾ ಥ್ಯಾಂಕ್ಸ್!