ಸಹಾಯ ಬೇಕು: ಕಂಪನಿ ಮರ್ಜ್ ಆದ್ಮೇಲೆ ವೆಂಡರ್ ಲಿಸ್ಟ್ ಒಂದು ಮಾಡೋದು ಹೇಗೆ?

ಎಲ್ರಿಗೂ ನಮಸ್ಕಾರ. ನಮ್ಮ ಕಂಪನಿನ ಇನ್ನೊಂದು ಕಂಪನಿ ತಗೊಂಡಿದೆ, ಲೆಕ್ಕ ಇಡೋ ಸಾಫ್ಟ್‌ವೇರ್ ನಮ್ದು ಟ್ಯಾಲಿ ಅವರದ್ದು ಎಸ್‌ಎಪಿ, ಈಗ ಎರಡೂ ಕಡೆ ವೆಂಡರ್ ಲಿಸ್ಟ್ ಒಂದೇ ಮಾಡ್ಬೇಕು. ಹೆಸರು ನೋಡಿ ಮ್ಯಾಚ್ ಮಾಡಕ್ಕಾಗಲ್ಲ, ಸ್ಪೆಲಿಂಗ್ ಒಂದೊಂದ್ ಕಡೆ ಒಂದೊಂದ್ ಥರ. ಜಿಎಸ್‌ಟಿ ನಂಬರಿನ 15 ಅಕ್ಷರದಲ್ಲಿ 3ರಿಂದ 12ರವರೆಗೆ ಪ್ಯಾನ್ ಇರುತ್ತಲ್ಲ, ಮ್ಯಾಚ್ ಮಾಡಕ್ಕೆ ಅದನ್ನೇ ಕೀ ಮಾಡೋಣ ಅಂದ್ರೆ ಒಂದೇ ಪ್ಯಾನಿಗೆ ರಾಜ್ಯಕ್ಕೊಂದು ಜಿಎಸ್‌ಟಿ ನಂಬರ್ ಇರುತ್ತೆ, ಜೊತೆಗೆ ಜಿಎಸ್‌ಟಿನೇ ಇಲ್ದಿರೋ ಸಣ್ಣ ವೆಂಡರ್‌ಗಳೂ ಇದಾರೆ. ಸಾಲದ್ದಕ್ಕೆ ಸಿಂಡಿಕೇಟ್ ಬ್ಯಾಂಕಿನ ಹಳೇ ಐಎಫ್‌ಎಸ್‌ಸಿಗಳು (ದುಡ್ಡು ಕಳ್ಸಕ್ಕೆ ಬೇಕಾದ ಬ್ಯಾಂಕ್ ಶಾಖೆ ಕೋಡ್) ಲಿಸ್ಟಲ್ಲಿ ಇನ್ನೂ ಹಾಗೇ ಇವೆ, ಅದು 2020ರಲ್ಲಿ ಕೆನರಾ ಬ್ಯಾಂಕ್ ಜೊತೆ ವಿಲೀನ ಆಗಿ 2021ರ ಜುಲೈ 1ರಿಂದ ಆ ಕೋಡ್‌ಗಳು ನಡೆಯಲ್ಲ. ಪೇಮೆಂಟ್ ನಿಂತ್ರೆ ಪಾಪ ಸಣ್ಣವರಿಗೇ ಕಷ್ಟ. ಇಂಥ ಕೆಲಸ ಮಾಡಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಓಪನಿಂಗ್ ಬ್ಯಾಲೆನ್ಸ್ (ಶುರುವಿನ ಬಾಕಿ ಮೊತ್ತ) ಮಾತ್ರ ಹೊಸ ಸಿಸ್ಟಮ್‌ಗೆ ಹಾಕಿದ್ರಾ ಅಥವಾ ಹಳೇ ಬಿಲ್ ಪೂರ್ತಿನಾ?